ಹುಣಸೆಬೀಜದ ಮೇಡಂ ಹೇಳಿದ ಸುಳ್ಳು

ಕಳೆದ ತಿಂಗಳು ನಮ್ಮ ಮೇಡಂ ನಿವೃತ್ತರಾದರು. ಹಳೆಯ ವಿದ್ಯಾರ್ಥಿಗಳು ಸೇರಿ ಅಭಿನಂದನಾ ಗ್ರಂಥವೊಂದನ್ನು ತರೋಣವೆಂದು ಮಧುಗಿರಿಯ ಅವರ ಮನೆಗೆ ಹೋದರೆ, ಕಾಫಿ ಕೊಟ್ಟು, ಬಾಳೆಹಣ್ಣು ಕೊಟ್ಟು, "ಪುಸ್ತಕ ಒಂದು ಬಿಟ್ಟು ಬೇರೆ ಏನಾದ್ರೂ ಮಾತಾಡ್ರಪ್ಪ" ಎಂದರು. ನಾವೂ ಸುಲಭಕ್ಕೆ ಏಳುವವರಲ್ಲ. ಕೊನೆಗೆ ಬೇಸತ್ತು, "ಬರ್ಕೊಳ್ಳೋರು ಬರ್ಕೊಳ್ಳಿ. ನನ್ನ ಹೆಸರು ಬರಬಾರದು, ಫೋಟೋ ಬರಬಾರದು. ಒಂದ್ಸಲ ಪೇಪರ್‌ನಲ್ಲಿ ಎರಡೂ ಬಂದು ಪಟ್ಟಿದ್ದು ಸಾಕು" ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಹೆಸರು ಹೇಳದೆ ಅಭಿನಂದಿಸುವುದು ಹೇಗೆಂದು ತಿಳಿಯದೆ ಉಳಿದವರು ಒಂದು ಶಾಲು, ಒಂದು ಗೋಡೆ ಗಡಿಯಾರಕ್ಕೆ ಸಮಾಧಾನಪಟ್ಟುಕೊಂಡರು.

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನಲ್ಲಿ ಮೇಡಂ ಬಗ್ಗೆ ಒಂದು ಕೆಟ್ಟ ಮಾತಿದೆ. ಇವತ್ತಿಗೂ ಯಾರಾದರೊಬ್ಬರು, "ಅವರಾ? ಹುಣಸೆಬೀಜದಲ್ಲಿ ಸಕ್ಕರೆ ಕಾಯಿಲೆಗೆ ಔಷಧಿ ಅಂತ ಸುಳ್ಳು ಹೇಳಿದ್ರಲ್ಲ, ಅವರಾ?" ಎಂದು ನಗುತ್ತಾರೆ. ಆ ಮಾತು ಮೊದಲು ಹುಟ್ಟಿದ್ದು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನಮ್ಮ ಮನೆಗೆ ಬಂದ ಒಂದು ಫೋನಿನಲ್ಲಿ. ಹುಟ್ಟಿಸಿದವರು ಸ್ವತಃ ಮೇಡಂ. ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ, ಬರೆಯುವುದಿಲ್ಲ. ಕೆಟ್ಟ ಹೆಸರು ಹೇಗೆ ಬಂತೆಂದು ಬರೆಯಬಾರದೆಂದು ಅವರು ಹೇಳಿಲ್ಲ.

ಮೇಡಂ ಮಧುಗಿರಿಯವರೇ. ತಲೆತಲಾಂತರದಿಂದ ಹುಣಸೆಹಣ್ಣಿನ ವ್ಯಾಪಾರ ಮಾಡಿದ ಮನೆತನ. ಬೇಸಿಗೆ ಬಂತೆಂದರೆ ಅವರ ಹಜಾರದ ತುಂಬ ಹೆಂಗಸರು ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರಂತೆ. ಹಣ್ಣು ಮಂಡಿಗೆ, ಬೀಜ ಮೂಟೆ ಕಟ್ಟಿ ಹಿತ್ತಲಿಗೆ. "ನಾನು ಎಸ್ಸೆಸ್ಸೆಲ್ಸಿ ಓದಿದ್ದು ಬೀಜದ ಮೂಟೆ ಮೇಲೆ ಕೂತ್ಕೊಂಡು" ಎನ್ನುತ್ತಿದ್ದರು. ಆ ಬೀಜದ ಹಿಟ್ಟನ್ನು ಕಾಯಿಸಿ ಗಂಜಿ ಮಾಡಿ ಶಿರಾ ಕಡೆಯ ಕಂಬಳಿ ನೇಯುವವರು ನೂಲಿಗೆ ಹಚ್ಚುತ್ತಾರೆ. ನೂಲು ಗಟ್ಟಿಯಾಗುತ್ತದೆ. ಆ ಅಂಟನ್ನೇ ತೊಳೆದು, ಸೋಸಿ, ಶುದ್ಧಮಾಡಿ, ಅದರೊಳಗೆ ಇನ್ಸುಲಿನ್ ಕಟ್ಟಿ ಹೊಟ್ಟೆಗೆ ಕಳಿಸಬಹುದೇ ಎಂಬುದು ಮೇಡಂ ಅವರ ಜೀವಮಾನದ ಪ್ರಶ್ನೆ. ಊರ ಹೊರಗಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಅವರು ಮಾಡಿದ ಕೆಲಸ ಅದೊಂದೇ. ಹುಡುಗರು ಇಟ್ಟ ಹೆಸರು 'ಹುಣಸೆಬೀಜದ ಮೇಡಂ'. ಅದು ಅವರಿಗೂ ಗೊತ್ತಿತ್ತು. ಹಾಜರಿ ಕರೆಯುವಾಗ ಯಾರೋ ಹಿಂದಿನ ಬೆಂಚಿನಿಂದ ಹಾಗೆ ಕೂಗಿದರೆ ತಲೆಯೆತ್ತದೆ "ಬಂದಿದ್ದೀನಿ" ಎಂದು ಮುಂದಿನ ಹೆಸರು ಕರೆಯುತ್ತಿದ್ದರು.

ಕುಳ್ಳು ಜೀವ. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಹತ್ತಿ ಸೀರೆಯ ಮೇಲೆ ಬಿಳಿಯ ಕೋಟು. ಯೋಚನೆಗೆ ಬಿದ್ದರೆ ಬಲಗೈಯ ಹೆಬ್ಬೆರಳಿನಿಂದ ತೋರುಬೆರಳನ್ನು ಸುಮ್ಮನೆ ಉಜ್ಜುತ್ತಿದ್ದರು. ಅಂಟಿನ ಹದ ನೋಡಿ ನೋಡಿ ಬಂದ ಅಭ್ಯಾಸ. ಕೊರಟಗೆರೆಯಲ್ಲಿ ನಮ್ಮ ಸಹಪಾಠಿಯೊಬ್ಬಳ ಮದುವೆಯ ಪಂಕ್ತಿಯಲ್ಲಿ ಕೂತು, ಎಲೆಯ ಮೇಲಿನ ಪಾಯಸವನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಗಟ್ಟಿ ಆಯ್ತು, ಇಳಿಯಲ್ಲ" ಎಂದು ಬಡಿಸುವವನಿಗೆ ಹೇಳಿದರು. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು. ನಾವು ತಲೆ ತಗ್ಗಿಸಿ ಊಟ ಮಾಡಿದೆವು.

ಪಾಠ ಮಾತ್ರ ಅವರ ಬಾಯಲ್ಲೇ ಕೇಳಬೇಕು. "ನಿಮ್ಮ ಹೊಟ್ಟೆಗೆ ಇನ್ಸುಲಿನ್ ಯಾವುದು, ತೊಗರಿಬೇಳೆ ಯಾವುದು ಗೊತ್ತಾಗಲ್ಲ. ಎರಡೂ ಪ್ರೋಟೀನೇ. ಬಂದಿದ್ದನ್ನ ಅರೆದು ಬುಡ್ತದೆ. ಅದಕ್ಕೇ ಸೂಜಿ" ಎಂದು ಶುರು ಮಾಡುತ್ತಿದ್ದರು. "ಈಗ ಹೋಳಿಗೆ ಮಾಡಿ. ಹೂರಣ ಇನ್ಸುಲಿನ್ನು, ಕಣಕ ನಮ್ಮ ಅಂಟು. ಕೂದಲೆಳೆ ಐತಲ್ಲ, ಅದಕ್ಕಿಂತ ನೂರಾರು ಪಾಲು ಸಣ್ಣ ಹೋಳಿಗೆ. ಹೊಟ್ಟೆಯ ಹುಳಿಯಲ್ಲಿ ಕಣಕ ಒಡೀಬಾರದು. ಕರುಳಿಗೆ ಹೋದ ಮೇಲೆ ಒಡೀದೇ ಇರಬಾರದು. ಎಲ್ಲಾ ಹೋಳಿಗೆ ಮಾಡೋರ ಕಷ್ಟಾನೂ ಇಷ್ಟೇ ಕಣಮ್ಮ." ಹುಣಸೆಬೀಜದ ಅಂಟಿನ ಜೊತೆಗೆ ಸಿಗಡಿಯ ಚಿಪ್ಪಿನಿಂದ ತೆಗೆದ ಇನ್ನೊಂದು ಅಂಟನ್ನು ಸೇರಿಸುತ್ತಿದ್ದೆವು. ಮೊದಲನೆಯದಕ್ಕೆ ನಾವು ರಾಸಾಯನಿಕ ಬೆರೆಸಿ ಕೊಟ್ಟ ಋಣ ವಿದ್ಯುತ್ತು, ಇನ್ನೊಂದಕ್ಕೆ ಧನ. ತಣ್ಣಗಿನ ನೀರಿನಲ್ಲಿ ಮೆಲ್ಲಗೆ ಕಲಕಿದರೆ ಎರಡೂ ತಾವಾಗಿಯೇ ಒಂದನ್ನೊಂದು ಹಿಡಿದುಕೊಂಡು ಕಣವಾಗುತ್ತವೆ. ಹದ ಸರಿಯಿದ್ದರೆ ತಿಳಿನೀರಿಗೆ ಒಂದು ನೀಲಿ ಛಾಯೆ ಬರುತ್ತದೆ. ತಪ್ಪಿದರೆ ಹಾಲು ಒಡೆದಂತೆ ಬಿಳಿಯ ಚೂರುಗಳು ತೇಲುತ್ತವೆ. ವರ್ಷದ ಬಹುಪಾಲು ನಮ್ಮ ಹಾಲು ಒಡೆಯುತ್ತಲೇ ಇತ್ತು.

ಒಮ್ಮೆ ನಾನು, ಹುಳಿಯಲ್ಲಿ ನೆನೆಸಿಟ್ಟ ಮೇಲೂ ಕಣದೊಳಗೆ ಇನ್ಸುಲಿನ್ ಉಳಿದಿದೆ ಎಂದು ಹಿಗ್ಗಿ ಓಡಿದೆ. ಮೇಡಂ ಕ್ಯಾಂಟೀನಿನಿಂದ ಎರಡು ಮೊಟ್ಟೆ ತರಿಸಿದರು. ಮನೆಯಲ್ಲಿ ಮೊಟ್ಟೆ ಎಂಬ ಶಬ್ದವನ್ನೂ ಆಡದ ಮನೆತನ. ಟಿಶ್ಯೂ ಕಾಗದದಲ್ಲಿ ಸುತ್ತಿ ಎರಡು ಬೆರಳ ತುದಿಯಲ್ಲಿ ಹಿಡಿದರು. ಒಂದನ್ನು ಬೇಯಿಸಿದರು. ಎರಡನ್ನೂ ತಕ್ಕಡಿಯ ಮೇಲಿಟ್ಟರು. "ತೂಕ ಹೆಚ್ಚುಕಡಿಮೆ ಒಂದೇ. ಪ್ರೋಟೀನೂ ಅಷ್ಟೇ. ಈ ಹಸೀದ್ರಿಂದ ಮರಿ ಆಗಬಹುದಾಗಿತ್ತು. ಈ ಬೆಂದಿದ್ರಿಂದ ಆಮ್ಲೆಟ್ ಕೂಡ ಆಗಲ್ಲ. ಇದೆ ಅಂದ್ರೆ ಸಾಲದು, ಬದುಕಿದೆಯಾ ನೋಡು" ಎಂದರು. ನೋಡಿದೆ. ಬದುಕಿರಲಿಲ್ಲ. ಮತ್ತೆ ಮೊದಲಿಂದ.

ಅವರಿಗೊಂದು ಹಳೆಯ ಸಣ್ಣ ಕಾರಿತ್ತು. ಎತ್ತಿನ ಗಾಡಿಯನ್ನೂ ಹಿಂದೆ ಹಾಕದ ಕಾರು. ಮಧುಗಿರಿ ಬೆಟ್ಟದ ಬುಡದ ರಸ್ತೆಯಲ್ಲಿ ಹಿಂದೆ ಸಾಲುಗಟ್ಟಿದ ಬಸ್ಸುಗಳ ಹಾರನ್ ಕೇಳಿದರೆ ಒಳಗಿರುವವರು ಮೇಡಂ ಎಂದು ಊರಿಗೆ ತಿಳಿಯುತ್ತಿತ್ತು. "ಹೋಗೋರು ಹೋಗ್ಲಿ, ನಾನೇನು ದಾರಿ ಗುತ್ತಿಗೆ ತಗೊಂಡಿದೀನಾ" ಎಂದು ಎಡಕ್ಕೆ ಒತ್ತಿಕೊಳ್ಳುತ್ತಿದ್ದರು.

ನಾನು ಅವರ ಕೈಕೆಳಗೆ ಎಂ.ಫಾರ್ಮ್ ಮಾಡಲು ಬಂದದ್ದಕ್ಕೆ ಕಾರಣ ನನ್ನ ತಂಗಿ. ಅವಳಿಗೆ ಚಿಕ್ಕಂದಿನಲ್ಲೇ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬರುವಂಥದ್ದಲ್ಲ, ಅವಳ ಮೈ ಇನ್ಸುಲಿನ್ನನ್ನು ತಯಾರಿಸುವುದೇ ಇಲ್ಲ. ಬೆಳಿಗ್ಗೆ ಸಂಜೆ ಸೂಜಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿರುತ್ತಿದ್ದುದು ಅಪರೂಪ. ಅಮ್ಮನೇ ಸೂಜಿ ಹಾಕಬೇಕು. ಹಾಕುವಾಗ ಪ್ರತಿ ಸಲವೂ ಅಳುತ್ತಿದ್ದಳು. ಸಿದ್ದರಬೆಟ್ಟಕ್ಕೆ ಹೋಗಿ ಬೇರು ತಂದು ಕುಡಿಸಿದ್ದಳು, ಹರಕೆ ಹೊತ್ತಿದ್ದಳು, ಯಾರು ಏನು ಹೇಳಿದರೂ ಮಾಡಿದ್ದಳು. ಒಂದು ಪುಣ್ಯವೆಂದರೆ ಸೂಜಿ ಮಾತ್ರ ಬಿಟ್ಟಿರಲಿಲ್ಲ.

ಇದನ್ನೆಲ್ಲ ಮೇಡಂಗೆ ಹೇಳಿದಾಗ ಅವರು ಸಂತಾಪ ಸೂಚಿಸಲಿಲ್ಲ. "ತಂಗಿಗೋಸ್ಕರ ಈ ಕೆಲಸಕ್ಕೆ ಬರಬೇಡ. ನಾನು, ನೀನು, ನಮ್ಮಂಥೋರು ಪ್ರಪಂಚದಲ್ಲಿ ಎಷ್ಟೋ ಜನ ಕೂತು ಇದನ್ನೇ ಮಾಡ್ತಾವ್ರೆ. ಆದ್ರೂ ಅದು ಅವಳ ಕೈಗೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಕಲಿಯೋಕೆ ಬರೋದಾದ್ರೆ ಬಾ" ಎಂದರು. ಹಾಸ್ಟೆಲಿಗೆ ಹೋಗಿ ಅತ್ತುಬಿಟ್ಟೆ. ಎಂಥ ಕಲ್ಲು ಹೆಂಗಸು ಎಂದುಕೊಂಡೆ. ಆದರೆ ಅವತ್ತಿನಿಂದ ವಾರ ಶುರುವಾಗುತ್ತಿದ್ದುದೇ ಒಂದು ಮಾತಿನಿಂದ: "ತಂಗಿ ಹೆಂಗವಳೆ?"

ಕೊನೆಗೊಂದು ದಿನ ನೀಲಿ ಛಾಯೆ ಬಂತು. ನಿಂತಿತು. ಹುಳಿಯನ್ನು ದಾಟಿದ ಇನ್ಸುಲಿನ್ ಬದುಕಿಯೂ ಇತ್ತು. ಗಾಜಿನ ಬಾಟಲಿಯಲ್ಲಿ, ಅಷ್ಟೇ. ಇಲಿಗೂ ಇನ್ನೂ ಕೊಟ್ಟಿರಲಿಲ್ಲ. ಅದೇ ಹೊತ್ತಿಗೆ ಕಾಲೇಜಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯಿತು. ಪೇಪರಿನ ವರದಿಗಾರನೊಬ್ಬ ಬಂದ. ಮೇಡಂ ಅವನಿಗೆ ಮುಕ್ಕಾಲು ಗಂಟೆ ವಿವರಿಸಿದರು. ಇದು ಜನಕ್ಕಲ್ಲ, ಇನ್ನೂ ಬಾಟಲಿಯಲ್ಲಿದೆ ಎಂದು ಎರಡೆರಡು ಸಲ ಬಿಡಿಸಿ ಹೇಳಿದರು. ಅವನು ತಲೆಯಾಡಿಸಿ, ಮೇಡಂ ಪಕ್ಕದಲ್ಲಿ ನನ್ನನ್ನೂ ನಿಲ್ಲಿಸಿ ಫೋಟೋ ಹೊಡೆದುಕೊಂಡು ಹೋದ. ಭಾನುವಾರದ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು: ಹುಣಸೆಬೀಜಕ್ಕೆ ಸಕ್ಕರೆ ಕಾಯಿಲೆ ಮಾಯ. ಅದರ ಕೆಳಗೆ: ಇನ್ನು ಸೂಜಿ ಬೇಡ. ಬಾಟಲಿಯ ವಿಷಯ ಎಲ್ಲಿಯೂ ಇರಲಿಲ್ಲ.

ಮೇಡಂ ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಸೋಮವಾರ ಮಧ್ಯಾಹ್ನ ಅವರು ಬರುವಷ್ಟರಲ್ಲಿ ಲ್ಯಾಬಿನಲ್ಲಿ ಮೈಸೂರುಪಾಕು ಹಂಚಿಯಾಗಿತ್ತು. ಆಡಳಿತ ಮಂಡಳಿಯವರು ಬಸ್ ಸ್ಟ್ಯಾಂಡಿನಲ್ಲಿ ಹಾಕಲು ಫ್ಲೆಕ್ಸಿಗೆ ಹೇಳಿಬಿಟ್ಟಿದ್ದರು. ನಾನು ಪೇಪರನ್ನು ಅವರ ಕೈಗೆ ಕೊಟ್ಟೆ. ನಿಂತಲ್ಲೇ ಓದಿದರು. ಮೈಸೂರುಪಾಕು ಮುಟ್ಟಲಿಲ್ಲ.

"ಈ ಪೇಪರ್ ನಿಮ್ಮೂರಿಗೆ ಬರುತ್ತಾ?"

"ಬರುತ್ತೆ ಮೇಡಂ. ಅಮ್ಮ ನಿನ್ನೇನೇ ಫೋನ್ ಮಾಡಿದ್ಲು. ಊರಿಗೆಲ್ಲ ತೋರಿಸಿದಾಳಂತೆ."

"ಸೂಜಿ ಹಾಕಿದಾಳಾ ಅಂತ ಕೇಳಿದ್ಯಾ?"

ಅದನ್ನು ಯಾಕೆ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. "ಈಗ ಕೇಳು. ಸ್ಪೀಕರ್ ಹಾಕು" ಎಂದರು.

ಅಮ್ಮ ಫೋನ್ ಎತ್ತಿದವಳೇ ನನ್ನ ಫೋಟೋ ಎಷ್ಟು ಚೆನ್ನಾಗಿ ಬಂದಿದೆ ಎಂದು ಶುರು ಮಾಡಿದಳು. ನಾನು ಸೂಜಿಯ ಮಾತೆತ್ತಿದೆ.

"ಇಂಕೇನು ಸೂಜಿ ಕಣೇ! ನಿನ್ನೆ ಪೊದ್ದುನ್ನಿಂದ ನಿಲ್ಸಿಬುಟ್ಟೆ. ನೀನೇ ಕಂಡುಹಿಡ್ದಿದ್ದೀಯಲ್ಲ. ಚಿಂತಗಿಂಜ ಹುರ್ದು, ಪುಡಿ ಮಾಡಿ ಮಜ್ಜಿಗೆನಾಗೆ ಕೊಡ್ತಾ ಇದ್ದೀನಿ" ಎಂದಳು. ನಮ್ಮ ಕಡೆಯ ಮಾತಿನಲ್ಲಿ ಅರ್ಧ ತೆಲುಗು: ಪೊದ್ದುನ್ನೆ ಎಂದರೆ ಬೆಳಿಗ್ಗೆ, ಚಿಂತಗಿಂಜ ಎಂದರೆ ಹುಣಸೆಬೀಜ.

"ಅವಳು ಹೆಂಗವ್ಳೆ ಅಮ್ಮ?"

"ಹೊಸಾ ಮದ್ದಲ್ವಾ, ಮೈಗೆ ಸೇರ್ಬೇಕು. ರಾತ್ರಿಯಿಂದ ವಾಂತಿ. ನೀರು ನೀರು ಅಂತಿದ್ಲು. ಈಗ ಮಲ್ಗವ್ಳೆ. ಅದೇನೋ ಏದುಸಿರು ಬಿಡ್ತಾವ್ಳೆ."

ಇನ್ಸುಲಿನ್ ಇಲ್ಲದ ಮೈ ತನ್ನ ಕೊಬ್ಬನ್ನೇ ಸುಟ್ಟುಕೊಂಡು ರಕ್ತವೆಲ್ಲ ಹುಳಿಯಾಗುವಾಗ ಉಸಿರು ಹಾಗೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದೆ. ಹೊತ್ತು ಮೀರಿದರೆ ಮಕ್ಕಳು ಉಳಿಯುವುದಿಲ್ಲವೆಂದೂ ಓದಿದ್ದೆ. ಮೇಡಂ ಫೋನನ್ನು ಕಿತ್ತುಕೊಂಡರು.

"ನಾನು ಮೇಡಂ ಮಾತಾಡ್ತಿರೋದು. ಈಗಿಂದೀಗ ಮಗೀನ ಎತ್ಕೊಂಡು ಪಾವಗಡ ಆಸ್ಪತ್ರೆಗೆ ಹೋಗಿ. ಆಟೋನೋ ಕಾರೋ, ಏನು ಸಿಕ್ಕಿದ್ರೆ ಅದು."

"ಯಾಕೆ ಮೇಡಮ್ಮ? ನಿಮ್ಮ ಮದ್ದೇ ಅಲ್ವಾ ಕೊಡ್ತಿರೋದು?"

"ಅದು ಮದ್ದಲ್ಲಮ್ಮ. ನಾನು ಏನೂ ಕಂಡುಹಿಡಿದಿಲ್ಲ."

ಆ ಕಡೆ ಅಮ್ಮ ನಕ್ಕಳು. "ಅಯ್ಯೋ ಮೇಡಮ್ಮ, ದೊಡ್ಡೋರು ಯಾವತ್ತು ನಾನು ಮಾಡ್ದೆ ಅಂದವ್ರೆ? ಅದೇ ನಿಮ್ಮ ದೊಡ್ಡತನ."

ನಮ್ಮ ಕಡೆಯ ಜನರನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. 'ನಂದೇನಿಲ್ಲ' ಎಂದವರಿಗೆ ನಾವು ಇನ್ನಷ್ಟು ಬಾಗುತ್ತೇವೆ. ಸಿದ್ದರಬೆಟ್ಟದ ದಾರಿಯಲ್ಲಿ ಬೇರು ಕೊಟ್ಟವನೂ, "ನಂದೇನೈತೆ ತಾಯಿ, ಎಲ್ಲಾ ಬೆಟ್ಟದ್ದು" ಎಂದೇ ಕೊಟ್ಟಿದ್ದ. ನಾನೇ ಮಾಡಿದೆ ಎನ್ನುವ ವೈದ್ಯನನ್ನು ಅಮ್ಮ ನಂಬುತ್ತಿರಲಿಲ್ಲ. ಮೇಡಂ ಅಲ್ಲಗಳೆದಷ್ಟೂ ಅವಳ ನಂಬಿಕೆ ಬಲಿಯುತ್ತಿತ್ತು. ಮೇಡಂ ಬಾಟಲಿಯ ವಿಷಯ ಹೇಳಿದರು, ಇಲಿಗೂ ಕೊಟ್ಟಿಲ್ಲ ಎಂದರು. "ಎಷ್ಟು ಒಳ್ಳೆಯೋರು ನೀವು, ಒಂಚೂರೂ ಜಂಬ ಇಲ್ಲ. ಮಗು ಎದ್ದೇಳ್ಲಿ, ಕರ್ಕೊಂಡ್ಬಂದು ಕಾಲಿಗೆ ಬೀಳಿಸ್ತೀನಿ" ಎಂದಳು ಅಮ್ಮ. ನಾನು ನಡುವೆ ಬಾಯಿ ಹಾಕಿ ಕೂಗಿದರೆ, "ನೀನು ಸುಮ್ಕಿರೇ, ದೊಡ್ಡೋರು ಮಾತಾಡ್ತಾವ್ರೆ" ಎಂದು ಗದರಿದಳು.

ಮೇಡಂ ಒಂದು ಗಳಿಗೆ ಕಣ್ಣು ಮುಚ್ಚಿದರು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಕಣ್ಣು ಬಿಟ್ಟಾಗ ಅವರ ದನಿ ಬದಲಾಗಿತ್ತು.

"ನೋಡಮ್ಮ ಇಲ್ಲಿ. ನಾನು ಸುಳ್ಳುಗಾರ್ತಿ. ಕಾಲೇಜಿಗೆ ಜನ ಸೇರ್ಲಿ ಅಂತ ಪೇಪರ್ನೋರಿಗೆ ದೊಡ್ಡ ಸುಳ್ಳು ಹೇಳ್ದೆ. ನಿನ್ನ ಮಗಳಿಗೂ ಸುಳ್ಳು ಹೇಳಿ ಫೋಟೋಗೆ ನಿಲ್ಲಿಸ್ಕಂಡೆ. ನಾನು ಮಾಡಿದ್ದು ಮೋಸ. ಆ ಮೋಸಕ್ಕೆ ನಿನ್ನ ಮಗು ಅಲ್ಲಿ ಸಾಯ್ತಾ ಐತೆ. ಎತ್ಕಂಡು ಓಡು!"

ಆಗ ಅಮ್ಮನ ಬಾಯಿಂದ ಬಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನಿನ್ನ ಬಾಯಿಗ್ ಮಣ್ಣಾಕ! ನನ್ನ ಕೂಸೇ ಸಿಕ್ತೇನೇ ನಿನ್ಗೆ ಆಟ ಆಡಾಕೆ?" ಇನ್ನೂ ಏನೇನೋ, ಅರ್ಧ ಕನ್ನಡ, ಅರ್ಧ ತೆಲುಗು. ಪಕ್ಕದ ಮನೆಯವರನ್ನು ಕೂಗುತ್ತಿರುವುದು ಕೇಳಿಸಿತು. ಫೋನ್ ಕಟ್ಟಾಯಿತು.

"ಸದ್ಯ, ಬೈದ್ಲಲ್ಲ" ಎಂದರು ಮೇಡಂ. "ಹೊರಡ್ತಾಳೆ. ನಡಿ."

ಪಾವಗಡದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿ, ಆಸ್ಪತ್ರೆ ಬಾಗಿಲಲ್ಲಿ ನಿಂತಿರು, ಇಂಥ ಮಗು ಬರುತ್ತೆ, ಡಾಕ್ಟರಿಗೆ ಮೊದಲೇ ಹೇಳಿಡು ಎಂದರು. ಆಮೇಲೆ ಕಾರು ಹತ್ತಿದರು. ಎತ್ತಿನ ಗಾಡಿಯನ್ನೂ ಹಿಂದೆ ಹಾಕದವರು ಅವತ್ತು ಪಾವಗಡದವರೆಗೆ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಲಾರಿಗಳನ್ನು ಹಿಂದೆ ಹಾಕಿದರು, ಸರ್ಕಾರಿ ಬಸ್ಸನ್ನು ಹಿಂದೆ ಹಾಕಿದರು. ನಾನು ಅಳುತ್ತಿದ್ದೆ. "ಅಳಬೇಡ, ನಂಗೆ ರೋಡು ಕಾಣಲ್ಲ" ಎಂದರು. ಅಳುತ್ತಿದ್ದುದು ನಾನೊಬ್ಬಳೇ ಆಗಿರಲಿಲ್ಲ.

ನಾವು ಹೋಗುವಷ್ಟರಲ್ಲಿ ತಂಗಿಗೆ ಡ್ರಿಪ್ ಹಾಕಿದ್ದರು, ಇನ್ಸುಲಿನ್ ಶುರುವಾಗಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಕಷ್ಟವಿತ್ತು, ಈಗಲೂ ನಾಳೆವರೆಗೆ ಏನೂ ಹೇಳುವುದಿಲ್ಲ ಎಂದರು ಡಾಕ್ಟರು. ಅಮ್ಮ ಮೇಡಂ ಅವರನ್ನು ಕಂಡವಳೇ ಓಡಿಬಂದು ಸೆರಗು ಹಿಡಿದು ಜಗ್ಗಿದಳು. ವರಾಂಡದ ಜನವೆಲ್ಲ ಎದ್ದು ನಿಂತು ನೋಡುತ್ತಿತ್ತು. ನಾನು ಬಾಯಿ ತೆರೆದೆ. ಮೇಡಂ ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದುಕೊಂಡರು.

"ಈಗ ಬೇಡ" ಎಂದರು ಮೆಲ್ಲಗೆ. "ನಾನು ಒಳ್ಳೆಯೋಳು ಅಂತ ಗೊತ್ತಾದ್ರೆ ಬೀಜದ ಮೇಲೂ ನಂಬಿಕೆ ವಾಪಸ್ ಬರುತ್ತೆ. ಮಗು ಮನೆಗೆ ಹೋಗ್ಲಿ, ಸೂಜಿ ಮತ್ತೆ ಅಭ್ಯಾಸ ಆಗ್ಲಿ. ಆಮೇಲೆ ಯಾವಾಗ್ಲಾದ್ರೂ ಹೇಳು."

ಅಮ್ಮ ಬೈದಷ್ಟೂ ಕೇಳಿಸಿಕೊಂಡರು. ಆಮೇಲೆ ವರಾಂಡದ ತುದಿಯ ಬೆಂಚಿಗೆ ಹೋಗಿ ಕೂತರು. ಮಾರನೆಯ ದಿನ ಬೆಳಿಗ್ಗೆ ತಂಗಿ ಕಣ್ಣು ಬಿಟ್ಟು, ಅಮ್ಮನನ್ನು ನೋಡಿ, "ಆ ಕಹಿ ಮಜ್ಜಿಗೆ ಬೇಡಮ್ಮೋ" ಎಂದಳು. ನಾನು ಓಡಿ ಹೋಗಿ ಮೇಡಂಗೆ ಹೇಳಿದೆ. ಅವರು ಅದೇ ಬೆಂಚಿನ ಮೇಲಿದ್ದರು. ಎದ್ದು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡರು. ತುಂಬ ಹೊತ್ತು ತೊಳೆಯುತ್ತಲೇ ಇದ್ದರು.

ಅಷ್ಟಕ್ಕೆ ಮುಗಿಯಲಿಲ್ಲ. ಪುರವರದಿಂದ, ಕೊರಟಗೆರೆಯಿಂದ, ಶಿರಾದಿಂದ ಕಾಲೇಜಿಗೆ ಫೋನುಗಳು. ಬೀಜದ ಪುಡಿ ಎಷ್ಟು ಚಮಚ, ಊಟಕ್ಕೆ ಮುಂಚೆಯೋ ಆಮೇಲೋ? ಪೇಪರಿನವರು ತಿದ್ದುಪಡಿ ಹಾಕಿದರು, ಭೂತಗನ್ನಡಿ ಹಿಡಿದು ಹುಡುಕಬೇಕು ಅಷ್ಟು ಸಣ್ಣದಾಗಿ. ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ಮೇಡಂ ಹೇಳಿದರೆ, "ನಮ್ ಮ್ಯಾಲೇ ಪ್ರಯೋಗ ಆಗ್ಲಿ ಬುಡಿ" ಎನ್ನುವವರೇ ಎಲ್ಲ. ನಿಜ ಹೇಳಿ ಸಾಕಾಗಿ, ಒಮ್ಮೆ ಕೆಲಸ ಮಾಡಿದ್ದ ಸುಳ್ಳನ್ನೇ ಮತ್ತೆ ಎತ್ತಿಕೊಂಡರು. ಆಟೋಗೆ ಮೈಕು ಕಟ್ಟಿಸಿ ಸಂತೆಯಿಂದ ಸಂತೆಗೆ ಹೋದರು. "ಹುಣಸೆಬೀಜದ ಮದ್ದು ಸುಳ್ಳು. ಆ ಸುಳ್ಳು ಹೇಳಿದೋಳು ನಾನೇ. ಸೂಜಿ ಬಿಡಬೇಡಿ, ಮಾತ್ರೆ ಬಿಡಬೇಡಿ." ಪುರವರದ ಸಂತೆಯಲ್ಲಿ ಈರುಳ್ಳಿ ಮಾರುವವನೊಬ್ಬ, "ಎಷ್ಟು ತಿಂದ್ಯವ್ವ ಇದ್ರಾಗೆ?" ಎಂದು ಕೂಗಿದ. "ಬೇಕಾದಷ್ಟು ತಿಂದಿದೀನಿ ಕಣಪ್ಪ. ನಿನ್ಗೆ ಸಕ್ಕರೆ ಕಾಯಿಲೆ ಐತಾ? ಮಾತ್ರೆ ತಗೊಂಡ್ಯಾ ಇವತ್ತು?" ಎಂದು ಮೈಕಿನಲ್ಲೇ ಕೇಳಿದರು. ಅವನು ಈರುಳ್ಳಿ ಮೂಟೆಯ ಹಿಂದೆ ಸರಿದ.

ಜನ ಬೀಜ ತಿನ್ನುವುದು ನಿಂತಿತು. ಮೇಡಂಗೆ ಆದ ನಷ್ಟವನ್ನು ಅವರು ಯಾರಿಗೂ ಹೇಳಲಿಲ್ಲ, ನಾವೇ ಕಂಡೆವು. ಆಡಳಿತ ಮಂಡಳಿಯವರು ಫ್ಲೆಕ್ಸಿನ ಜೊತೆಗೆ ಅವರ ಮೇಲಿನ ವಿಶ್ವಾಸವನ್ನೂ ಸುತ್ತಿಟ್ಟರು. ಲ್ಯಾಬು ಜನರೇಟರಿನ ಪಕ್ಕದ ಕೋಣೆಗೆ ಹೋಯಿತು. ವಿಭಾಗದ ಮುಖ್ಯಸ್ಥೆಯಾಗುವುದು ಅಲ್ಲಿಗೆ ತಪ್ಪಿತು. ಅದಕ್ಕೆಲ್ಲ ಅವರು ಕೊರಗಿದವರಲ್ಲ. ಕೊರಗಿದ್ದು ಮಂಡಿಯ ವ್ಯಾಪಾರ ನೋಡಿಕೊಳ್ಳುತ್ತಿದ್ದ ಅವರ ಅಣ್ಣನಿಗಾಗಿ. ಹುಣಸೆ ಮಂಡಿಯಲ್ಲಿ ಬಾಯಿಮಾತಿನ ಮೇಲೆ ವ್ಯಾಪಾರ ಮಾಡಿದ ಮನೆತನ ಅದು. 'ನಿಮ್ಮ ತಂಗಿ ತಾನು ಸುಳ್ಳುಗಾರ್ತಿ ಅಂತ ಮೈಕಿನಲ್ಲಿ ಸಾರ್ಕೊಂಡು ಹೋಗ್ತಾವ್ಳೆ' ಎಂದು ಮಂಡಿಯವರು ಹೇಳಿದ ದಿನದಿಂದ ಅಣ್ಣ ಅವರ ಜೊತೆ ಮಾತು ಬಿಟ್ಟ. ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಲಿಲ್ಲ. ಅವತ್ತು ಲ್ಯಾಬಿನಲ್ಲಿ ಮೇಡಂ ಸೋಸಿದ ಅಂಟನ್ನೇ ಮತ್ತೆ ಸೋಸುತ್ತ ನಿಂತಿದ್ದರು. ಅಣ್ಣನಿಗಾದರೂ ನಿಜ ಹೇಳಬಾರದೇ ಎಂದು ಕೇಳಿದೆ. "ಅವನಿಗೆ ಹೇಳಿದ್ರೆ ಮಂಡಿಗೆ ಹೇಳ್ತಾನೆ, ನನ್ನ ಮೇಲಿನ ಪ್ರೀತಿಗೆ. ಮಂಡಿಗೆ ಹೇಳಿದ್ರೆ ಊರಿಗೆ ಹೇಳಿದಂಗೆ. ಸ್ವಲ್ಪ ದಿನ ಹೋಗ್ಲಿ ಬುಡು" ಎಂದರು.

ಕೆಲಸ ನಿಲ್ಲಲಿಲ್ಲ. ಜನರೇಟರಿನ ಸದ್ದಿನಲ್ಲೇ ಕಲಕಿದೆವು, ಕೊನೆಗೆ ಇಲಿಗಳಿಗೂ ಕೊಟ್ಟೆವು. ಕೆಲವು ಇಲಿಗಳಲ್ಲಿ ಸಕ್ಕರೆ ಸ್ವಲ್ಪ ಇಳಿಯಿತು, ಕೆಲವಲ್ಲಿ ಇಳಿಯಲೇ ಇಲ್ಲ. ಸೂಜಿಯ ಹತ್ತಿರಕ್ಕೂ ಬರಲಿಲ್ಲ. ಮೇಡಂ ಇಳಿದದ್ದನ್ನೂ ಇಳಿಯದ್ದನ್ನೂ ಪಕ್ಕಪಕ್ಕದಲ್ಲೇ ಬರೆಸಿದರು. "ಮುಂದೆ ಬರೋರಿಗೆ ಈ ದಾರೀಲಿ ಎಲ್ಲಿ ಗುಂಡಿ ಐತೆ ಅಂತ ಗೊತ್ತಾಗ್ಬೇಕಲ್ಲ" ಎಂದರು. ಯಾರನ್ನು ನಾಲ್ಕು ತಾಲ್ಲೂಕು ಸುಳ್ಳುಗಾರ್ತಿ ಎನ್ನುತ್ತಿತ್ತೋ ಅವರ ಪಕ್ಕದಲ್ಲಿ ಕೂತು ನಾನು ಇದನ್ನು ಬರೆದೆ.

ಮುಂದಿನ ಶಿವರಾತ್ರಿಗೆ ಊರಿಗೆ ಹೋದಾಗ ಅಮ್ಮನಿಗೆ ಎಲ್ಲ ಹೇಳಿದೆ. ಮಾರನೆಯ ದಿನವೇ ಅವಳು ಒಂದು ಚೀಲ ಕಡಲೆಕಾಯಿ ಹೊತ್ತು ಮಧುಗಿರಿಯ ಬಸ್ಸು ಹತ್ತಿದಳು. ಮೇಡಂ ಮನೆಯ ಬಾಗಿಲಲ್ಲಿ ಚೀಲ ಹೊತ್ತೇ ನಿಂತಳು. ಮೇಡಂ ಚೀಲ ಇಳಿಸಿಕೊಂಡರು. "ಬೈದಿದ್ದಕ್ಕೆ ಬಂದ್ಯಾ? ನೀನು ಅವತ್ತು ಬೈದೇ ಇದ್ದಿದ್ರೆ ನನ್ನ ಎದೆ ಒಡೆದೋಗ್ತಿತ್ತು ಕಣಮ್ಮ. ಬಾ ಒಳಗೆ" ಎಂದರು. ಅಮ್ಮ ಊರಿಗೆ ಬಂದು ಮನೆಮನೆಗೂ ನಿಜ ಹೇಳಿದಳು. ಮಧುಗಿರಿಯ ಮಂಡಿಗೂ ಹೋಗಿ ಮೇಡಂ ಅಣ್ಣನ ಮುಂದೆ ನಿಂತು ಹೇಳಿದಳು. ಅಣ್ಣ ಮುಂದಿನ ಗೌರಿ ಹಬ್ಬಕ್ಕೆ ತಾನೇ ಬಾಗಿನ ತಂದ. ಊರು ಮಾತ್ರ ಮೊದಲು ಕೇಳಿದ್ದನ್ನೇ ಇಟ್ಟುಕೊಂಡಿತು. ಎರಡನೆಯದು ಅಷ್ಟು ರುಚಿಯಾಗಿರಲಿಲ್ಲವೋ ಏನೋ.

ಈಗ ನನ್ನದು ಶಿರಾದಲ್ಲಿ ಒಂದು ಔಷಧಿ ಅಂಗಡಿ. ಇನ್ಸುಲಿನ್ ಕೊಳ್ಳಲು ಬರುವ ಚಾಚಾ ಒಬ್ಬರು ಪ್ರತಿ ಸಲವೂ, "ಬೇಟಿ, ಇದ್ರದ್ದು ಗೋಲಿ ಇನ್ನಾ ಬಂದಿಲ್ವಾ?" ಎಂದು ಮಾತ್ರೆಯ ವಿಚಾರ ಕೇಳುತ್ತಾರೆ. ಇಲ್ಲ ಚಾಚಾ ಎನ್ನುತ್ತೇನೆ. ಇಲ್ಲ ಎನ್ನುವುದನ್ನು ಎದುರಿನವರ ಮನಸ್ಸು ಮುರಿಯದಂತೆ, ಆದರೆ ಗಟ್ಟಿಯಾಗಿ ಹೇಳುವುದನ್ನು ನಾನು ಕಲಿತದ್ದು ಮೇಡಂ ಹತ್ತಿರ. ತಂಗಿ ಅದೇ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ನನ್ನ ಜೊತೆಗೇ ಇದ್ದಾಳೆ, ಬೆಳಿಗ್ಗೆ ಬಚ್ಚಲಿಗೆ ಮೊದಲು ಯಾರು ಹೋಗಬೇಕೆಂದು ದಿನಾ ಜಗಳವಾಡುತ್ತಾಳೆ. ಆ ಜಗಳ ನಡೆಯುವಾಗ ಎಷ್ಟೋ ಸಲ ಮನಸ್ಸಿನಲ್ಲೇ ಮೇಡಂಗೆ ಕೈಮುಗಿದಿದ್ದೇನೆ.

ನಿವೃತ್ತಿಯ ಮರುವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಎಲೆ ಹಾಕಿಯಾಗಿತ್ತು. ತಂಗಿ ಬ್ಯಾಗಿನಿಂದ ಇನ್ಸುಲಿನ್ ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದಳು.

"ಮೇಡಂ, ನಿಜ ಹೇಳಿ. ನುಂಗೋ ಇನ್ಸುಲಿನ್ ಬರುತ್ತಾ?"

ಮೇಡಂ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅವಳ ಪಕ್ಕ ಕೂತರು. "ಬರುತ್ತೆ ಅಂತ ನಾನು ನಂಬಿದೀನಿ. ನನ್ನಿಂದ ಆಗ್ಲಿಲ್ಲ. ಎಲ್ಲೋ ಯಾರೋ ಮಾಡ್ತಾರೆ. ಯಾವಾಗ ಅಂತ ಮಾತ್ರ ಕೇಳ್ಬೇಡ" ಎಂದರು. ಆಮೇಲೆ ತಂಗಿಯ ತಲೆಯ ಮೇಲೆ ಕೈಯಿಟ್ಟು, "ಅದು ಬಂದ ದಿನ ನುಂಗೋದಕ್ಕೆ ನೀನು ಇರ್ಬೇಕಲ್ಲ ಕಣಮ್ಮ. ಅದಕ್ಕೇ ಈ ಸೂಜಿ" ಎಂದರು.

ತಂಗಿ ತಲೆಯಾಡಿಸಿದಳು. ಪೆನ್ನನ್ನು ಹೊಟ್ಟೆಗೆ ಹಿಡಿದು ಒತ್ತಿದಳು. ಅವಳು ಅದನ್ನು ತೆಗೆದು ಮುಚ್ಚುವವರೆಗೂ ಮೇಡಂ ನೋಡುತ್ತ ಕೂತಿದ್ದರು. ಆಮೇಲೆ ಎದ್ದು ಅವಳ ಎಲೆಗೇ ಮೊದಲು ಬಡಿಸಿದರು.